ಒಂದು ಕೆರೆ, ಎರಡು ಕಡಲು

ಒಂದು ಪಾಶ್ಚಾತ್ಯ ರಾಗವನ್ನು ನೀವೆಲ್ಲ ಕೇಳಿಯೇ ಇರುತ್ತೀರಿ, ಹೆಸರು ಮಾತ್ರ ಗೊತ್ತಿರಲಿಕ್ಕಿಲ್ಲ. ಮೊದಲು ಕೊಳಲು ಮೆಲ್ಲಗೆ ನುಡಿಯುತ್ತದೆ, ಅದರ ಬೆನ್ನಿಗೇ ಓಬೋ ಅದೇ ಮಾತನ್ನು ತಿರುಗಿಸಿ ಹೇಳುತ್ತದೆ, ಸ್ವಲ್ಪ ಹೊತ್ತಿಗೆ ಪಿಟೀಲುಗಳೆಲ್ಲ ಸೇರಿಕೊಳ್ಳುತ್ತವೆ. ಟಿ.ವಿ.ಯಲ್ಲಿ ಸೂರ್ಯ ಹುಟ್ಟಿದರೆ ಸಾಕು, ಹಿನ್ನೆಲೆಗೆ ಇದನ್ನೇ ಹಾಕುತ್ತಾರೆ. ನಾರ್ವೆ ದೇಶದ ಎಡ್ವರ್ಡ್ ಗ್ರೀಗ್ ಎಂಬ ಸಂಗೀತಗಾರ ಹೆನ್ರಿಕ್ ಇಬ್ಸನ್ನನ 'ಪೀರ್ ಗಿಂಟ್' ನಾಟಕಕ್ಕೆ ಕೂಡಿಸಿದ ರಾಗ ಅದು. ನಾಟಕ ಪ್ರಕಟವಾದದ್ದು 1867ರಲ್ಲಿ, ಸಂಗೀತದೊಂದಿಗೆ ರಂಗಕ್ಕೆ ಬಂದದ್ದು 1876ರಲ್ಲಿ. ಕೇಳುವವರ ಕಣ್ಣಮುಂದೆ ಹಿಮದ ಬೆಟ್ಟ, ಹಸಿರು ಕಣಿವೆ ಬರುತ್ತದೆ. ತಮಾಷೆ ಏನೆಂದರೆ, ನಾಟಕದಲ್ಲಿ ಆ ಬೆಳಗು ಆಗುವುದು ಉತ್ತರ ಆಫ್ರಿಕಾದಲ್ಲಿ!

ಆದರೆ ಪೀರ್ ಗಿಂಟ್ ಮಾತ್ರ ನಿಜವಾಗಿ ಹಿಮದ ಬೆಟ್ಟದ ಹುಡುಗ. ಇಬ್ಸನ್ 1862ರಲ್ಲಿ ಜನಪದ ಕಥೆಗಳನ್ನು ಹುಡುಕಿಕೊಂಡು ನಾರ್ವೆಯ ನಡುಭಾಗದ ಒಂದು ಉದ್ದನೆಯ ಕಣಿವೆಯಲ್ಲಿ ತಿರುಗಾಡಿದ್ದ. ಪೀರ್ ಎಂಬ ಬೇಟೆಗಾರನ ಕಥೆ ಅವನಿಗೆ ದಕ್ಕಿದ್ದು ಆ ಸೀಮೆಯಿಂದ. ಕಣಿವೆಯ ಹೆಸರು ಗುಡ್‌ಬ್ರಾಂಡ್ಸ್‌ದಾಲ್. 'ದಾಲ್' ಅಂದರೆ ನಾವು ಅನ್ನಕ್ಕೆ ಹಾಕಿಕೊಳ್ಳುವುದಲ್ಲ, ಅವರ ಭಾಷೆಯಲ್ಲಿ ಕಣಿವೆ. ಗುಡ್‌ಬ್ರಾಂಡ್ ಎಂಬುವನು ಹಿಂದೆ ಅಲ್ಲಿಯ ಮುಖಂಡನಂತೆ. ಸಾವಿರ ವರ್ಷದ ಕೆಳಗೆ ಊಲಾವ್ ಎಂಬ ರಾಜ ಬಂದು ಅವನನ್ನೂ ಅವನ ಜನರನ್ನೂ ಕ್ರೈಸ್ತ ಮತಕ್ಕೆ ತಂದ ಕಥೆ ಹಳೆಯ ಐಸ್‌ಲ್ಯಾಂಡಿನ ಗ್ರಂಥಗಳಲ್ಲಿ ಇದೆ. ಇವತ್ತು ನಾನು ಹೇಳಹೊರಟಿರುವುದು ರಾಜರ ಕಥೆಯಲ್ಲ, ನೀರಿನ ಕಥೆ. ಆ ಕಣಿವೆಯಲ್ಲಿ ಮನೆ ಎಲ್ಲಿದೆ, ಹೊಲ ಎಲ್ಲಿದೆ, ಇಗರ್ಜಿ ಎಲ್ಲಿದೆ, ರೈಲುಹಳಿ ಎಲ್ಲಿದೆ ಎನ್ನುವುದನ್ನೆಲ್ಲ ನೀರು ಹೇಗೆ ತೀರ್ಮಾನಿಸಿತು, ಆ ತೀರ್ಮಾನವನ್ನು ಜನ ಮೀರಿದಾಗ ಏನಾಯಿತು ಎನ್ನುವುದು.

ಮೊದಲು ನಕ್ಷೆ. ನಾರ್ವೆಯ ರಾಜಧಾನಿ ಓಸ್ಲೋದಿಂದ ಉತ್ತರಕ್ಕೆ ರೈಲಿನಲ್ಲಿ ಎರಡು ಗಂಟೆ ಹೋದರೆ ಲಿಲ್ಲೆಹಾಮರ್ ಎಂಬ ಊರು ಸಿಗುತ್ತದೆ. 1994ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಅಲ್ಲೇ. ಆ ಊರಿನ ಬುಡದಲ್ಲಿ ಮ್ಯೋಸಾ ಎಂಬ ಸರೋವರ, ನಾರ್ವೆಯಲ್ಲೇ ಅತಿ ದೊಡ್ಡದು. ಮ್ಯೋಸಾದ ಉತ್ತರದ ತುದಿಗೆ ಲೋಗೆನ್ ಎಂಬ ನದಿ ಬಂದು ಸೇರುತ್ತದೆ. 'ಲೋಗೆನ್' ಎಂದರೆ ಹಳೆಯ ಭಾಷೆಯಲ್ಲಿ 'ನೀರು' ಎಂದಷ್ಟೇ ಅರ್ಥ. ನಮ್ಮ ಹಳ್ಳಿಗಳಲ್ಲಿ ನದಿಗೆ ಎಷ್ಟೇ ಪೌರಾಣಿಕ ಹೆಸರಿದ್ದರೂ 'ಹೊಳೆ' ಎಂದು ಕರೆದು ಮುಗಿಸುತ್ತಾರಲ್ಲ, ಹಾಗೆ. ಈ ಹೊಳೆಯನ್ನು ಹಿಡಿದು ವಾಯವ್ಯ ದಿಕ್ಕಿಗೆ ಸುಮಾರು 200 ಕಿಲೋಮೀಟರ್ ಮೇಲೇರುತ್ತಾ ಹೋದರೆ ಅದರ ಮೂಲ ಸಿಗುತ್ತದೆ. ಅಲ್ಲಿ ಶಿಖರವಿಲ್ಲ, ಬಂಡೆಯ ಸಂದಿಯಿಂದ ಚಿಮ್ಮುವ ತೀರ್ಥವಿಲ್ಲ. ಒಂದು ಉದ್ದನೆಯ, ಕಿರಿದಾದ, ಸುಮ್ಮನೆ ಮಲಗಿರುವ ಕೆರೆ ಇದೆ. ಹೆಸರು ಲೆಶಾಸ್ಕೂಗ್. ಸಮುದ್ರಮಟ್ಟದಿಂದ 611 ಮೀಟರ್ ಎತ್ತರ.

ಈ ಕೆರೆಗೆ ಎರಡು ಕೋಡಿ. ಆಗ್ನೇಯದ ತುದಿಯಿಂದ ಹೊರಡುವ ನೀರು ಲೋಗೆನ್ ಆಗುತ್ತದೆ. ವಾಯವ್ಯದ ತುದಿಯಿಂದ ಹೊರಡುವ ನೀರು ರೌಮಾ ಎಂಬ ಬೇರೆಯೇ ನದಿಯಾಗುತ್ತದೆ. ಅಕ್ಕತಂಗಿಯರು ತವರಿನ ಅಂಗಳದಿಂದ ಬೆನ್ನು ತಿರುಗಿಸಿ ನಡೆದ ಹಾಗೆ. ತಂಗಿ ರೌಮಾಳಿಗೆ ಅವಸರ. ಅರವತ್ತು ಚಿಲ್ಲರೆ ಕಿಲೋಮೀಟರ್ ಓಡಿ, 611 ಮೀಟರನ್ನೂ ಇಳಿದು, ಪಶ್ಚಿಮದ ಕಡಲಿನ ಒಂದು ಹಿನ್ನೀರ ಕವಲಿಗೆ ಬಿದ್ದುಬಿಡುತ್ತಾಳೆ. ಅಕ್ಕ ಲೋಗೆನ್‌ಗೆ ಗಡಿಬಿಡಿಯಿಲ್ಲ. ಮ್ಯೋಸಾ ಸರೋವರದ ಮಟ್ಟ 123 ಮೀಟರ್, ಅಂದರೆ 200 ಕಿಲೋಮೀಟರಿನಲ್ಲಿ ಅವಳು ಇಳಿಯುವುದು 500 ಮೀಟರಿಗಿಂತ ಕಡಿಮೆ. ಆಮೇಲೂ ಮ್ಯೋಸಾವನ್ನು ಉದ್ದಕ್ಕೆ ದಾಟಿ, ವೊರ್ಮಾ ಎಂಬ ನದಿಯಾಗಿ, ನಾರ್ವೆಯ ಅತಿ ಉದ್ದದ ನದಿ ಗ್ಲೊಮ್ಮಾವನ್ನು ಕೂಡಿ, ದಕ್ಷಿಣದ ಫ್ರೆಡ್ರಿಕ್‌ಸ್ಟಾಡ್ ಎಂಬಲ್ಲಿ ಸಮುದ್ರ ಸೇರಬೇಕು. ಒಟ್ಟು ನಾನೂರು ಕಿಲೋಮೀಟರ್ ಮೀರಿದ ದಾರಿ.

ಯಾಕೆ ಹೀಗೆ? ನಾರ್ವೆಯ ಬೆಟ್ಟಸಾಲು ನಡುವೆ ಇಲ್ಲ, ಪಶ್ಚಿಮದ ಕಡಲಿಗೆ ಒತ್ತಿಕೊಂಡಿದೆ. ಪಶ್ಚಿಮಕ್ಕೆ ಕಡಿದು ಬಿದ್ದ ಇಳಿಜಾರು, ಪೂರ್ವಕ್ಕೆ ನಿಧಾನವಾದ ಓರೆ. ಮುಂಬಯಿಯಿಂದ ಪುಣೆಗೆ ಹೋಗುವವರಿಗೆ ಇದನ್ನು ವಿವರಿಸಬೇಕಿಲ್ಲ. ಕರ್ಜತ್ ಬಿಟ್ಟ ಮೇಲೆ ರೈಲು ಏದುಸಿರು ಬಿಡುತ್ತಾ ಘಾಟ್ ಹತ್ತುತ್ತದೆ, ಲೋಣಾವಳಾ ಬಂದ ಮೇಲೆ ಅಷ್ಟೇ ಕಡಿದಾಗಿ ಇಳಿಯಬೇಕಲ್ಲ ಎಂದು ಕಾದರೆ ಇಳಿಯುವುದೇ ಇಲ್ಲ. ಭೀಮಾಶಂಕರದಲ್ಲಿ, ಅರಬ್ಬೀ ಸಮುದ್ರದ ಮಗ್ಗುಲಲ್ಲೇ ಹುಟ್ಟುವ ಭೀಮೆ ಆ ಸಮುದ್ರಕ್ಕೆ ಬೆನ್ನು ತೋರಿಸಿ ಪಂಢರಪುರ, ಗಾಣಗಾಪುರ ಎಲ್ಲ ಸುತ್ತಿ ಕೃಷ್ಣೆಯ ಕೂಡ ಬಂಗಾಳ ಕೊಲ್ಲಿಗೆ ಹೋಗುವುದು ಇದೇ ಕಾರಣಕ್ಕೆ. ಲೋಗೆನ್ ನದಿ ನಾರ್ವೆಯ ಭೀಮೆ ಎಂದುಕೊಳ್ಳಿ.

ಕಡಿದಾದ ಕಡೆಯ ನದಿಗೆ ಒಂದು ಕೆಟ್ಟ ಚಾಳಿ ಇರುತ್ತದೆ: ಕಳ್ಳತನ. ರಭಸವಾಗಿ ಬೀಳುವ ನೀರು ತಾನು ನಿಂತ ನೆಲವನ್ನು ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತಾ ಬರುತ್ತದೆ. ಕೊರೆಯುತ್ತಾ ಬಂದು ಆಚೆ ಕಡೆಯ ನಿಧಾನಿ ನದಿಯ ಉಪನದಿಗಳನ್ನು ಒಂದೊಂದಾಗಿ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ರೌಮಾ ಮಾಡಿದ್ದು ಅದನ್ನೇ. ಕಳ್ಳತನಕ್ಕೆ ಸಾಕ್ಷಿ ಇಂದಿಗೂ ನೆಲದ ಮೇಲೆ ಇದೆ. ಸಾಮಾನ್ಯವಾಗಿ ಉಪನದಿ ಮುಖ್ಯ ನದಿ ಹರಿಯುವ ದಿಕ್ಕಿಗೇ ಓರೆಯಾಗಿ ಬಂದು ಸೇರುತ್ತದೆ, ದೊಡ್ಡ ರಸ್ತೆಗೆ ಸಣ್ಣ ರಸ್ತೆ ಸೇರಿದ ಹಾಗೆ. ಆದರೆ ರೌಮಾದ ಮೇಲ್ಭಾಗದಲ್ಲಿ ಪಕ್ಕದ ಹಳ್ಳಗಳು ಆಗ್ನೇಯಕ್ಕೆ ಮುಖಮಾಡಿ, ಲೋಗೆನ್ ಕಡೆಗೇ ಹೊರಟವರಂತೆ ಬರುತ್ತವೆ. ಕಣಿವೆಗೆ ಇಳಿದ ಮೇಲೆ ಸರಕ್ಕನೆ ಹಿಂದಕ್ಕೆ ತಿರುಗಿ ವಾಯವ್ಯಕ್ಕೆ ಹರಿಯುತ್ತವೆ. ನಕ್ಷೆಯಲ್ಲಿ ನೋಡಿದರೆ ಮೀನಿನ ಗಾಳದ ಹಿಮ್ಮುಳ್ಳಿನ ಹಾಗೆ ಕಾಣುತ್ತದೆ. ನಾರ್ವೆಯವರು ಇಂಥ ಕಣಿವೆಗಳಿಗೆ ಆ ಹೆಸರನ್ನೇ ಇಟ್ಟಿದ್ದಾರೆ.

ಇಷ್ಟೆಲ್ಲ ಆದಮೇಲೆ ಹಿಮಯುಗಗಳು ಬಂದವು. ಹಳೆಯ ನದೀ ಕಣಿವೆಯ ಒಳಗೆ ಮಂಜುಗಡ್ಡೆ ನೂರಾರು ಮೀಟರ್ ದಪ್ಪಕ್ಕೆ ತುಂಬಿಕೊಂಡು, ಬಡಗಿಯ ಕೀಸುಳಿಯ ಹಾಗೆ ಉಜ್ಜಿ, ಕಣಿವೆಯ ಅಡಿಯನ್ನು ಅಗಲ ಮಾಡಿತು, ಗೋಡೆಗಳನ್ನು ನೆಟ್ಟಗೆ ಮಾಡಿತು. ಎಷ್ಟು ಆಳಕ್ಕೆ ಕೊರೆಯಿತೆಂದರೆ, ಮ್ಯೋಸಾ ಸರೋವರದ ಆಳ ಸುಮಾರು 450 ಮೀಟರ್. ಮೇಲ್ಮೈ 123 ಮೀಟರ್ ಎತ್ತರದಲ್ಲಿದೆ ಎಂದೆನಲ್ಲ, ಅಂದರೆ ಅದರ ತಳ ಸಮುದ್ರಮಟ್ಟಕ್ಕಿಂತ ಮುನ್ನೂರು ಮೀಟರಿಗೂ ಕೆಳಗೆ. ನದಿ ತಾನೊಂದೇ ಅಂಥ ಗುಂಡಿಯನ್ನು ತೋಡಲಾರದು, ನೀರು ಮೇಲಕ್ಕೆ ಹರಿಯುವುದಿಲ್ಲ. ಅದು ಹಿಮದ ಕೆಲಸ.

ಸುಮಾರು ಹತ್ತು ಸಾವಿರ ವರ್ಷದ ಹಿಂದೆ ಹಿಮ ಕರಗುವಾಗ ಇನ್ನೊಂದು ವಿಚಿತ್ರವಾಯಿತು. ಹಿಮದ ರಾಶಿ ಕೊನೆಯವರೆಗೆ ಉಳಿದದ್ದು ಬೆಟ್ಟದ ನೆತ್ತಿಯ ಮೇಲಲ್ಲ, ಅದರಿಂದ ಆಗ್ನೇಯಕ್ಕೆ, ಕಣಿವೆಯ ಒಳಗೆ. ಕರಗಿದ ನೀರು ಲೋಗೆನ್‌ನ ದಾರಿಯಲ್ಲಿ ಕೆಳಗೆ ಹೋಗೋಣವೆಂದರೆ ಮುಂದೆ ಮಂಜುಗಡ್ಡೆಯ ಅಣೆಕಟ್ಟು. ಹೀಗೆ ನಿಂತ ನೀರು ದೊಡ್ಡ ದೊಡ್ಡ ಸರೋವರಗಳಾಗಿ, ತುಂಬಿ ಹೆಚ್ಚಾದದ್ದು ಹಿಂಬಾಗಿಲಿನಿಂದ, ಅಂದರೆ ಪಶ್ಚಿಮದ ಕಡೆಗೆ ಹೊರಬಿದ್ದಿತು. ಆ ಸರೋವರಗಳ ದಂಡೆಯ ಗೆರೆಗಳು ಲೆಶಾ, ದೋಂಬೋಸ್ ಕಡೆಯ ಗುಡ್ಡಗಳ ಮೈಮೇಲೆ, ಬಕೆಟ್ಟಿನಲ್ಲಿ ನೀರು ನಿಂತು ಒಣಗಿದಾಗ ಉಳಿಯುವ ಗೆರೆಯ ಹಾಗೆ, ಇಂದಿಗೂ ಕಾಣುತ್ತವೆ. ಆ ಕಾಲದ ನೀರು ಬಿಟ್ಟುಹೋದ ಮರಳು, ಜಲ್ಲಿ, ಹೂಳು ಇಳಿಜಾರಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿದೆ. ಈ ಮೆಟ್ಟಿಲುಗಳು ಮುಂದೆ ಬಹಳ ಉಪಯೋಗಕ್ಕೆ ಬರುತ್ತವೆ, ನೆನಪಿನಲ್ಲಿಡಿ.

ಕಣಿವೆಯ ನಡುವೆ ಓಟ್ಟಾ ಎಂಬ ಸಣ್ಣ ಪೇಟೆ. ಪಶ್ಚಿಮದಿಂದ ಅದೇ ಹೆಸರಿನ ನದಿ ಬಂದು ಲೋಗೆನ್‌ಗೆ ಸೇರುವುದು ಇಲ್ಲೇ. ಹೆಸರಿಗೆ ಓಟ್ಟಾ ಉಪನದಿ, ಆದರೆ ನೀರು ಅದರದ್ದೇ ಹೆಚ್ಚು. ಲೋಗೆನ್ ಬರುವುದು ಕೆರೆ, ಕಾಡು, ಬಯಲಿನಿಂದ. ಓಟ್ಟಾ ಬರುವುದು ಯೋತುನ್‌ಹೈಮೆನ್ ಎಂಬ ಮಹಾಪರ್ವತಗಳಿಂದ. 'ರಾಕ್ಷಸರ ಮನೆ' ಎಂದು ಆ ಹೆಸರಿನ ಅರ್ಥ. ಉತ್ತರ ಯುರೋಪಿನಲ್ಲೇ ಎತ್ತರವಾದ ಗಾಲ್ಹೋಪಿಗ್ಗೆನ್ ಶಿಖರ, 2469 ಮೀಟರ್, ಅಲ್ಲಿದೆ. ಅಲ್ಲಿಯ ಹಿಮನದಿಗಳು ಬಂಡೆಯನ್ನು ಅರೆದು ಅರೆದು ಮೈದಾಹಿಟ್ಟಿನಂಥ ಪುಡಿ ಮಾಡುತ್ತವೆ. ಆ ಪುಡಿ ನೀರಿನಲ್ಲಿ ತಳ ಸೇರದೆ ತೇಲುತ್ತಾ ಬಂದು ನೀರಿಗೆ ಹಾಲು ಬೆರೆಸಿದ ಹಸಿರು ಬಣ್ಣ ಕೊಡುತ್ತದೆ. ಬೇಸಿಗೆಯಲ್ಲಿ ಓಟ್ಟಾ ಪೇಟೆಗೆ ಬಂದು ನಿಂತರೆ ಎರಡು ಬಣ್ಣದ ನೀರು ಕೂಡುವುದನ್ನು ಕಣ್ಣಾರೆ ನೋಡಬಹುದು.

ಓಟ್ಟಾ ನದಿಯ ಕಣಿವೆಯ ಮೇಲ್ಭಾಗದಲ್ಲಿ ಶೋಕ್ ಎಂಬ ಹಳ್ಳಿಗಳ ಸೀಮೆ ಇದೆ. ಹೆಸರು ಕೇಳಿ ನಗಬೇಡಿ, ಅಲ್ಲಿಯವರು ಶೋಕಿ ಮಾಡುವ ಪೈಕಿಯೇ ಅಲ್ಲ. ಸುತ್ತ ಹಿಮ, ಹಿಮನದಿ, ಸರೋವರ, ನಡುವೆ ಹಸಿರು ನದಿ. ಆದರೆ ಮಳೆ? ವರ್ಷಕ್ಕೆ ಸುಮಾರು 300 ಮಿಲಿಮೀಟರ್. ನಾರ್ವೆಯ ಅತ್ಯಂತ ಒಣ ಪ್ರದೇಶಗಳಲ್ಲಿ ಇದೂ ಒಂದು. ನಮ್ಮ ವಿಜಾಪುರ, ಚಿತ್ರದುರ್ಗದವರು ಕೂಡ 'ಪಾಪ' ಎನ್ನುವಷ್ಟು ಕಡಿಮೆ. ಬೆಟ್ಟದ ಆಚೆಯ ಕರಾವಳಿಯ ಬರ್ಗೆನ್ ಊರಿನಲ್ಲಿ 2000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಅಟ್ಲಾಂಟಿಕ್‌ನಿಂದ ಬರುವ ಮೋಡಗಳು ಬೆಟ್ಟ ಹತ್ತುವಾಗಲೇ ತಮ್ಮ ಹೊರೆಯನ್ನೆಲ್ಲ ಇಳಿಸಿ, ಈಚೆಗೆ ಬರಿಗೈಯಲ್ಲಿ ಬರುತ್ತವೆ. ಮಳೆನೆರಳು ಎನ್ನುತ್ತೇವಲ್ಲ, ಅದೇ. ಲೋಣಾವಳಾದಲ್ಲಿ ಛತ್ರಿ ಮುರಿಯುವ ಮಳೆ ಇದ್ದ ದಿನ ಪುಣೆಯಲ್ಲಿ ಬಟ್ಟೆ ಒಣಗುವುದನ್ನು ಕಂಡವರಿಗೆ ಆಶ್ಚರ್ಯವಾಗಲಾರದು.

ಶೋಕ್, ಲೊಮ್, ವೋಗೊ ಊರುಗಳ ರೈತರು ಇದಕ್ಕೆ ಹುಡುಕಿದ ಉಪಾಯ ನನಗೆ ಈ ಇಡೀ ಕಣಿವೆಯಲ್ಲಿ ಅತ್ಯಂತ ಮೆಚ್ಚುಗೆಯಾದದ್ದು. ಕೆಳಗೆ ಹರಿಯುವ ನದಿಯ ನೀರನ್ನು ಎತ್ತಲು ಆಗ ಪಂಪ್ ಇರಲಿಲ್ಲ. ಅವರು ಕೆಳಗೆ ನೋಡುವುದನ್ನು ಬಿಟ್ಟು ಮೇಲೆ ನೋಡಿದರು. ಬೆಟ್ಟದ ಮೇಲಿನ ಹಿಮ ಕರಗಿ ಹರಿಯುವ ಝರಿಗಳಿಂದ, ಗುಡ್ಡದ ಮೈಗೆ ಅಂಟಿಕೊಂಡ ಹಾಗೆ, ಬಹಳ ಕಡಿಮೆ ಇಳುಕಲು ಕೊಟ್ಟು ಕಿಲೋಮೀಟರ್‌ಗಟ್ಟಲೆ ಕಾಲುವೆ ತೋಡಿದರು. ಬಂಡೆ ಅಡ್ಡ ಬಂದ ಕಡೆ, ಕಮರಿ ದಾಟಬೇಕಾದ ಕಡೆ ಮರದ ದಿಮ್ಮಿಗಳನ್ನು ದೋಣಿಯಂತೆ ಕೊರೆದು ಜೋಡಿಸಿದರು. ನಮ್ಮ ಕರಾವಳಿ, ಮಲೆನಾಡುಗಳ ತೋಟದಲ್ಲಿ ಅಡಿಕೆ ಮರದ ದಂಬೆಯಲ್ಲಿ ನೀರು ಹಾಯಿಸುತ್ತಿದ್ದರಲ್ಲ, ಅದೇ ಬುದ್ಧಿ. ಮಧ್ಯಯುಗದಿಂದ ನಡೆದುಬಂದ ಪದ್ಧತಿ ಇದು. ಒಂದು ಕಾಲುವೆಯ ಮೇಲೆ ಹಲವು ಹೊಲಗಳ ಬದುಕು, ಆದ್ದರಿಂದ ಸರದಿ ಹಚ್ಚಿ ಹಂಚಿಕೊಳ್ಳದೆ ಗತಿಯಿರಲಿಲ್ಲ. ಬಿಸಿಲು ಹೆಚ್ಚಿದಷ್ಟೂ ಹೊಲ ಒಣಗುತ್ತದೆ ನಿಜ, ಆದರೆ ಬಿಸಿಲು ಹೆಚ್ಚಿದಷ್ಟೂ ಮೇಲಿನ ಹಿಮ ಕರಗಿ ಕಾಲುವೆಗೆ ನೀರೂ ಹೆಚ್ಚುತ್ತದೆ. ಬಾಯಾರಿಕೆ ಆದಾಗಲೇ ತುಂಬುವ ಗಡಿಗೆ! ಇಷ್ಟು ಒಳ್ಳೆಯ ಹೊಂದಾಣಿಕೆ ನಮ್ಮ ಬಯಲುಸೀಮೆಯ ರೈತರಿಗೆ ಸಿಕ್ಕಿಲ್ಲ.

ಆ ಹಿಮವೂ ಈಗ ಮೊದಲಿನಷ್ಟು ಇಲ್ಲ. ಲೊಮ್ ಊರಿನ ಮೇಲಿನ ಲೆಂಡ್‌ಬ್ರೇನ್ ಎಂಬ ಹಿಮದ ಹಾಸು ಕರಗುತ್ತಾ ಬಂದಂತೆ ಅದರಡಿಯಿಂದ ಒಂದು ಹಳೆಯ ಕಾಲುದಾರಿಯೇ ಹೊರಬಂದಿದೆ. 2011ರಲ್ಲಿ ಅಲ್ಲಿ ಸಿಕ್ಕ ಉಣ್ಣೆಯ ಅಂಗಿಗೆ ಸುಮಾರು 1700 ವರ್ಷ ವಯಸ್ಸು. ಕುದುರೆಗೆ ಹಿಮದ ಮೇಲೆ ನಡೆಯಲು ಕಟ್ಟುತ್ತಿದ್ದ ಪಾದರಕ್ಷೆ, ಜಾರುಬಂಡಿಯ ಭಾಗ, ಅಡುಗೆಮನೆಯ ಕಡೆಗೋಲು, ಏನೇನೋ ಸಿಕ್ಕಿವೆ. ಕ್ರಿ.ಶ. 300ರಿಂದ 1500ರವರೆಗೆ ಜನ ಈ ದಾರಿಯಲ್ಲಿ ಬೆಟ್ಟ ದಾಟುತ್ತಿದ್ದರು, ಸಾವಿರದ ಸುಮಾರಿಗೆ ಓಡಾಟ ಅತಿ ಹೆಚ್ಚಿತ್ತು ಎಂದು ಪುರಾತತ್ವಜ್ಞರು 2020ರಲ್ಲಿ ಪ್ರಕಟಿಸಿದರು. ಕಳೆದುಹೋದ ವಸ್ತು ಸಿಕ್ಕಿತೆಂದು ಸಂತೋಷಪಡಬೇಕೊ, ಅದನ್ನು ಕಾಪಾಡಿದ ಹಿಮ ಹೋಯಿತೆಂದು ಮರುಗಬೇಕೊ, ನೀವೇ ಹೇಳಿ.

ಈಗ ಮುಖ್ಯ ಕಣಿವೆಗೆ ವಾಪಸು ಬರೋಣ. ಗುಡ್‌ಬ್ರಾಂಡ್ಸ್‌ದಾಲ್‌ನ ಚಿತ್ರ ನೋಡಿದವರಿಗೆ ಒಂದು ವಿಷಯ ಥಟ್ಟನೆ ಹೊಳೆಯಬೇಕು. ಹಳೆಯ ಮನೆಗಳು ಕಣಿವೆಯ ತಳದಲ್ಲಿ ಇಲ್ಲ. ನದಿಯ ಪಕ್ಕ ಚಪ್ಪಟೆ ಜಾಗ ಧಾರಾಳವಾಗಿದೆ, ಉಳುವುದಕ್ಕೆ ಸುಲಭ. ಆದರೂ ಕಂದು ಬಣ್ಣದ ಮರದ ಮನೆಗಳು, ಕೊಟ್ಟಿಗೆ, ಕಣಜಗಳೆಲ್ಲ ಗುಡ್ಡದ ಅರ್ಧ ಎತ್ತರದಲ್ಲಿ, ನಾನು ಆಗ ಹೇಳಿದ ಆ ಮೆಟ್ಟಿಲುಗಳ ಮೇಲೆ ಕುಳಿತಿವೆ. ಅದೂ ಒಂದೇ ಮಗ್ಗುಲಲ್ಲಿ ಹೆಚ್ಚು. ಕಾರಣ, ಬಿಸಿಲು. ಅಷ್ಟು ಉತ್ತರದಲ್ಲಿ ಚಳಿಗಾಲದ ಸೂರ್ಯ ದಕ್ಷಿಣದ ಗುಡ್ಡದ ಅಂಚಿನಲ್ಲಿ ಇಣುಕಿ ಮುಳುಗಿಬಿಡುತ್ತಾನೆ. ನೆರಳಿನ ಮಗ್ಗುಲಿನ ಮನೆಗಳಿಗೆ ವಾರಗಟ್ಟಲೆ ಬಿಸಿಲೇ ಬೀಳುವುದಿಲ್ಲ. ಹಾಗಾಗಿ ಅಲ್ಲಿಯ ಜನ ಕಣಿವೆಯನ್ನು ಎಡದಂಡೆ, ಬಲದಂಡೆ ಎಂದು ಕರೆಯುವುದಿಲ್ಲ. 'ಬಿಸಿಲ ಬದಿ', 'ಹಿಂಬದಿ' ಎನ್ನುತ್ತಾರೆ. ಹಿಂಬದಿಯ ಹೆಣ್ಣನ್ನು ತಂದುಕೊಂಡರೆ, ಬಿಸಿಲ ಬದಿಗೆ ಹೆಣ್ಣು ಕೊಟ್ಟರೆ ಊರಿನಲ್ಲಿ ಏನೇನು ಮಾತಾಗುತ್ತಿತ್ತೋ, ಅದನ್ನು ನೀವು ಊಹಿಸಿಕೊಳ್ಳಬಹುದು!

ಇನ್ನೊಂದು ಕಾರಣ ಚಳಿಯ ಗಾಳಿ. ತಣ್ಣಗಾದ ಗಾಳಿ ಭಾರ, ರಾತ್ರಿ ಗುಡ್ಡದ ಮೇಲಿಂದ ಜಾರಿ ಬಂದು ತಳದಲ್ಲಿ ಕೆರೆಯ ನೀರಿನಂತೆ ನಿಲ್ಲುತ್ತದೆ. ಕೊಯ್ಲಿಗೆ ಮೊದಲೇ ಮಂಜು ಬಿದ್ದು ಬಾರ್ಲಿ ಸುಟ್ಟುಹೋಗುವುದು ತಳದ ಹೊಲದಲ್ಲಿ, ನಡುಗುಡ್ಡದ ಹೊಲದಲ್ಲಲ್ಲ. ಮೂರನೆಯ ಕಾರಣ ನದಿ. ಅದಕ್ಕೆ ಬರುತ್ತೇನೆ.

ಗುಡ್ಡದ ನೆತ್ತಿಯ ಮೇಲಿನ ಜಾಗವೂ ಪೋಲಾಗಿರಲಿಲ್ಲ. ಬೇಸಿಗೆ ಬಂತೆಂದರೆ ಹಸು, ಮೇಕೆಗಳನ್ನು ಹೊಡೆದುಕೊಂಡು ಹೆಂಗಸರು ಮೇಲಿನ ಹುಲ್ಲುಗಾವಲಿಗೆ ಹತ್ತುತ್ತಿದ್ದರು. ಅಲ್ಲೊಂದು ಬೇಸಿಗೆಯ ಕೊಟ್ಟಿಗೆಮನೆ, ಅದಕ್ಕೆ 'ಸೇಟರ್' ಎಂದು ಹೆಸರು. ಕೆಳಗಿನ ಹುಲ್ಲನ್ನು ಕೊಯ್ದು ಚಳಿಗಾಲಕ್ಕೆ ಕೂಡಿಡಬೇಕು, ಹಾಗಾಗಿ ದನಗಳು ಮೇಲೆ ಮೇಯಬೇಕು, ಇದು ಲೆಕ್ಕ. ಹಾಲನ್ನು ದಿನವೂ ಕೆಳಗೆ ಒಯ್ಯಲಾಗದು, ಅಲ್ಲೇ ಬೆಣ್ಣೆ, ಚೀಸ್ ಮಾಡಬೇಕು. ಚೀಸ್ ತೆಗೆದ ಮೇಲೆ ಉಳಿಯುವ ತಿಳಿನೀರನ್ನು ಚೆಲ್ಲದೆ ಗಂಟೆಗಟ್ಟಲೆ ಕುದಿಸಿ ಇಂಗಿಸುತ್ತಿದ್ದರು. 1863ರಲ್ಲಿ ಆನ್ನೆ ಹೂವ್ ಎಂಬ ಹೆಣ್ಣುಮಗಳು ಇದೇ ಕಣಿವೆಯ ಸೇಟರ್ ಒಂದರಲ್ಲಿ ಆ ತಿಳಿನೀರಿಗೆ ಕೆನೆ ಬೆರೆಸಿ ಕುದಿಸಿ ನೋಡಿದಳು. ಕಂದು ಬಣ್ಣದ, ಸಿಹಿಯಾದ, ಗಟ್ಟಿ ಚೀಸ್ ತಯಾರಾಯಿತು. ಇವತ್ತು ನಾರ್ವೆಯ ಬೆಳಗಿನ ತಿಂಡಿಯ ಮೇಜಿನ ಮೇಲೆ ಅದು ಕಣಿವೆಯ ಹೆಸರಿನಲ್ಲೇ ಇರುತ್ತದೆ. ಬಣ್ಣದಲ್ಲಿ ಧಾರವಾಡ ಪೇಡೆಯ ದೂರದ ನೆಂಟ. ಬೀಳುಮಾಲಿನಿಂದ ಬಂಗಾರ ಮಾಡುವ ಕೈ ಎಲ್ಲ ದೇಶದ ಅಡುಗೆಮನೆಯಲ್ಲೂ ಇರುತ್ತದೆ.

ಈಗ ಮೂರನೆಯ ಕಾರಣ. 1789ನೆಯ ಇಸವಿ ಜುಲೈ ಎಂದರೆ ಶಾಲೆಯಲ್ಲಿ ಓದಿದವರಿಗೆಲ್ಲ ಪ್ಯಾರಿಸ್ಸಿನ ಬ್ಯಾಸ್ಟಿಲ್ ಸೆರೆಮನೆ ನೆನಪಾಗುತ್ತದೆ. ಅದೇ ತಿಂಗಳು, ಒಂದು ವಾರದ ನಂತರ, ಈ ಕಣಿವೆಯಲ್ಲಿ ಬೇರೆಯೇ ಒಂದು ಪ್ರಳಯವಾಯಿತು. ಹಿಂದಿನ ಚಳಿಗಾಲದಲ್ಲಿ ನೆಲ ಬಹಳ ಆಳದವರೆಗೆ ಹೆಪ್ಪುಗಟ್ಟಿತ್ತು. ಮೇಲಿನ ಮಣ್ಣು ಒದ್ದೆ, ಕೆಳಗೆ ಕಲ್ಲಿನಂಥ ಹೆಪ್ಪು, ನೀರು ಇಂಗಲು ದಾರಿಯಿಲ್ಲ. ಅದರ ಮೇಲೆ ಜುಲೈಯಲ್ಲಿ ದಿನಗಟ್ಟಲೆ ಮಳೆ ಹೊಡೆಯಿತು. ನದಿ ಉಕ್ಕಿದ್ದು ಒಂದು, ಅದಕ್ಕಿಂತ ಕ್ರೂರವಾದದ್ದು ಗುಡ್ಡಗಳು ಜಾರಿದ್ದು. ಹಿಮಯುಗದ ಆ ಮರಳು, ಹೂಳು ನೀರು ಕುಡಿದು ಸಡಿಲಾಗಿ, ಹೊಲ, ಮನೆ, ಕೊಟ್ಟಿಗೆ ಸಮೇತ ಕೆಳಗೆ ಹರಿಯಿತು. ಅರವತ್ತಕ್ಕೂ ಹೆಚ್ಚು ಜನ ಸತ್ತರು. ಎಷ್ಟೋ ಹೊಲಗಳ ಮೇಲೆ ಜಲ್ಲಿ ಬಿದ್ದು ಸಾಗುವಳಿಗೇ ಬಾರದಂತಾದವು. ಅಲ್ಲಿಯ ಜನ ಅದನ್ನು 'ಸ್ಟೂರೊಫ್ಸೆನ್' ಎಂದು ಕರೆಯುತ್ತಾರೆ, ದೊಡ್ಡ ಹುಚ್ಚುನೆರೆ ಎಂದು ಅರ್ಥ ಮಾಡಿಕೊಳ್ಳಬಹುದು. ನಾರ್ವೆಯಲ್ಲಿ ಈವರೆಗೆ ದಾಖಲಾದ ಅತಿ ದೊಡ್ಡ ನೆರೆಗಳಲ್ಲಿ ಅದು ಒಂದು.

ನೆಲ ಕಳೆದುಕೊಂಡವರಲ್ಲಿ ಕೆಲವರು ಹೊರಟುಬಿಟ್ಟರು. ಎಲ್ಲಿಗೆ? ದೇಶದ ಉತ್ತರದ ತುದಿಗೆ, ಆರ್ಕ್ಟಿಕ್ ವೃತ್ತದಿಂದಲೂ ಆಚೆಗೆ, ಮೊಲ್‌ಸೆಲ್ವ್ ಮತ್ತು ಬಾರ್ಡು ಎಂಬ ಎರಡು ಕಣಿವೆಗಳಿಗೆ. ಸಾಮಿ ಜನ ಹಿಮಸಾರಂಗ ಮೇಯಿಸುತ್ತಿದ್ದ ಸೀಮೆ ಅದು. ಅಲ್ಲಿ ಕಾಡು ಕಡಿದು, ಸಾಗುವಳಿ ಹೂಡಿ, ಈ ಕಡೆಯವರು ಮತ್ತು ಪಕ್ಕದ ಈಸ್ಟರ್‌ದಾಲ್ ಕಣಿವೆಯವರು ಊರು ಕಟ್ಟಿದರು. ಆಮೇಲೆ ಇನ್ನೂರು ವರ್ಷ ದಾಟಿತು. ಇಂದಿಗೂ ಆ ಎರಡು ಊರುಗಳವರು ಬಾಯಿ ತೆರೆದರೆ ಸುತ್ತಮುತ್ತಲ ಉತ್ತರದವರ ಹಾಗೆ ಮಾತಾಡುವುದಿಲ್ಲ, ಅವರ ಮಾತಿನಲ್ಲಿ ದಕ್ಷಿಣದ ಕಣಿವೆಗಳ ಧಾಟಿ ಉಳಿದಿದೆ. ಭಾಷಾಶಾಸ್ತ್ರಜ್ಞರಿಗೆ ಅದು ಅಧ್ಯಯನದ ವಿಷಯ. ಚೆಂಬೂರಿನಲ್ಲೋ ಮಾಟುಂಗಾದಲ್ಲೋ ಮೂರನೆಯ ತಲೆಮಾರಿನವರ ಬಾಯಲ್ಲಿ ಕುಂದಾಪುರದ 'ಹೌದನಾ' ಕೇಳಿ ಅಭ್ಯಾಸವಿರುವ ನಮಗೆ ಅದರಲ್ಲಿ ಅಂಥ ಗುಟ್ಟೇನೂ ಕಾಣುವುದಿಲ್ಲ.

ಇಷ್ಟಾದ ಮೇಲೂ ಹತ್ತೊಂಬತ್ತನೆಯ ಶತಮಾನದಲ್ಲಿ ಜನ ಕೆಳಗಿಳಿದರು. ಯಾಕೆಂದರೆ ರೈಲು ಬಂತು. ಎಂಜಿನ್ನಿಗೆ ಕಡಿದಾದ ಏರು ಆಗದು, ಚಪ್ಪಟೆ ತಳವೇ ಬೇಕು. 1896ರಲ್ಲಿ ಹಳಿ ಓಟ್ಟಾವರೆಗೆ ಬಂತು, 1913ರಲ್ಲಿ ದೋಂಬೋಸ್‌ಗೆ, 1921ರಲ್ಲಿ ಬೆಟ್ಟ ದಾಟಿ ಟ್ರಾಂಡ್‌ಹೈಮ್‌ಗೆ. ನಿಲ್ದಾಣದ ಸುತ್ತ ಅಂಗಡಿ, ಡೇರಿ, ಶಾಲೆ, ಬ್ಯಾಂಕು. ಓಟ್ಟಾ, ವಿನ್‌ಸ್ತ್ರಾ, ರಿಂಗೆಬು, ಇವೆಲ್ಲ ಹಾಗೆ ಬೆಳೆದ ಪೇಟೆಗಳು. ಆಮೇಲೆ ಹೆದ್ದಾರಿಯೂ ಅದೇ ದಾರಿ ಹಿಡಿಯಿತು. ಪಕ್ಕದ ಹಳ್ಳಗಳು ಗುಡ್ಡದಿಂದ ಹೊತ್ತು ತಂದ ಮಣ್ಣುಕಲ್ಲುಗಳನ್ನು ಕಣಿವೆಯ ಬಾಯಲ್ಲಿ ಬೀಸಣಿಗೆಯಂತೆ ಹರಡಿ ಮಾಡಿದ ದಿಬ್ಬಗಳಿವೆ. ನದಿಯಿಂದ ಸ್ವಲ್ಪ ಎತ್ತರ, ನೀರು ನಿಲ್ಲುವುದಿಲ್ಲ, ಮನೆ ಕಟ್ಟಲು ಪ್ರಶಸ್ತ. ಆದರೆ ಆ ದಿಬ್ಬ ಅಲ್ಲಿ ಇರುವುದೇ ಹಳ್ಳ ಆಗಾಗ ಪಾತ್ರ ಬದಲಿಸಿ ಅಲ್ಲೆಲ್ಲ ಹರಿದದ್ದರಿಂದ.

ಕ್ವಾಮ್ ಎಂಬ ಊರು ಅಂಥ ಒಂದು ಬೀಸಣಿಗೆಯ ಮೇಲಿದೆ. ಊರ ನಡುವೆ ಇಳಿಯುವ ಹಳ್ಳದ ಹೆಸರು ವೈಕ್ಲೆ. 2011ರ ಜೂನ್‌ನಲ್ಲಿ ಅದು ಉಕ್ಕಿ ಕಲ್ಲುಮಣ್ಣನ್ನು ಊರೊಳಗೆ ತಂದು ಸುರಿಯಿತು. ಜನ ಮನೆ ತೊಳೆದು, ಗೋಡೆ ಬದಲಿಸಿ, ಬಣ್ಣ ಹೊಡೆದರು. ಸರಿಯಾಗಿ ಎರಡು ವರ್ಷವೂ ಕಳೆದಿರಲಿಲ್ಲ, 2013ರ ಮೇ ತಿಂಗಳಲ್ಲಿ ಅದೇ ಹಳ್ಳ, ಅದೇ ಬೀದಿ. ಆಮೇಲೆ ಸರ್ಕಾರ ಹಳ್ಳದ ಪಾತ್ರವನ್ನು ಅಗಲಿಸಿ ಕಲ್ಲು ಕಟ್ಟಿ ಭದ್ರ ಮಾಡುವ ದೊಡ್ಡ ಕೆಲಸ ಕೈಗೊಂಡಿತು. 2005ರ ಜುಲೈ 26ರಂದು ಮುಂಬಯಿಯಲ್ಲಿದ್ದವರಿಗೆ, ಮೀಠಿ ನದಿ ಎಂಬುದೊಂದು ಇದೆ ಎಂದೇ ಆವರೆಗೆ ಗೊತ್ತಿಲ್ಲದವರಿಗೆ, ಕ್ವಾಮ್‌ನವರ ಪಾಡು ಅರ್ಥವಾಗುತ್ತದೆ.

ಅಲ್ಲಿಯ ನೆರೆಯಲ್ಲೂ ಎರಡು ಜಾತಿ. ಮೇ, ಜೂನ್‌ನಲ್ಲಿ ಬರುವುದು ಚಳಿಗಾಲದ ಹಿಮ ಒಮ್ಮೆಲೇ ಕರಗಿದಾಗ. 1995ರಲ್ಲಿ ಹಾಗಾಯಿತು, ತಣ್ಣಗಿನ ವಸಂತ ಮುಗಿದು ದಿಢೀರನೆ ಸೆಕೆ, ಜೊತೆಗೆ ಮಳೆ. 1789ರದ್ದು ದೊಡ್ಡದಾದ್ದರಿಂದ ಇದಕ್ಕೆ 'ಚಿಕ್ಕ ಹುಚ್ಚುನೆರೆ' ಎಂದು ಹೆಸರಿಟ್ಟರು. ಇನ್ನೊಂದು ಜಾತಿ, ಬೇಸಿಗೆಯ ಕೊನೆಯ ಬರೀ ಮಳೆಯ ನೆರೆ. 2023ರ ಆಗಸ್ಟ್‌ನಲ್ಲಿ 'ಹಾನ್ಸ್' ಎಂದು ಹೆಸರಿಟ್ಟ ಬಿರುಗಾಳಿ ಮಳೆ ದಕ್ಷಿಣ ನಾರ್ವೆಯನ್ನು ಹೊಡೆಯಿತು. ಮಳೆ ನಿಂತ ಮೇಲೂ ಲೋಗೆನ್ ಇಳಿಯಲಿಲ್ಲ. ರಿಂಗೆಬು ಬಳಿಯ ರಾಂಡ್‌ಕ್ಲೇವ್ ರೈಲು ಸೇತುವೆಯ ಕಂಬದ ಬುಡವನ್ನು ಕೊರೆಯುತ್ತಲೇ ಇತ್ತು. ಆಗಸ್ಟ್ 14ರಂದು ಸೇತುವೆಯ ಒಂದು ಭಾಗ ನದಿಗೆ ಕುಸಿಯಿತು. ನೆರೆಯ ಕಾರಣ ರೈಲುಗಳನ್ನು ಮೊದಲೇ ನಿಲ್ಲಿಸಿದ್ದರಿಂದ ಯಾರಿಗೂ ಅಪಾಯವಾಗಲಿಲ್ಲ. ಆದರೆ ಓಸ್ಲೋ ಮತ್ತು ಟ್ರಾಂಡ್‌ಹೈಮ್ ನಡುವಿನ ಮುಖ್ಯ ರೈಲುದಾರಿ ತಿಂಗಳುಗಟ್ಟಲೆ ತುಂಡಾಗಿ, 2024ರಲ್ಲಿ ಮತ್ತೆ ಶುರುವಾಯಿತು. ಅರ್ಧ ಗುಡ್ಡದ ಮೇಲಿನ ಹಳೆಯ ತೋಟದಮನೆಗಳು ಆ ವಾರವೆಲ್ಲ ತಮ್ಮ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತು ಕೆಳಗೆ ನೋಡುತ್ತಿದ್ದವು.

ಕೇಳುಗರಲ್ಲಿ ಮಕ್ಕಳನ್ನು ನೋಡಲು ಯುರೋಪಿಗೆ ಹೋಗುವವರು ಈಗ ಬಹಳ ಮಂದಿ ಇದ್ದೀರಿ. ಓಸ್ಲೋವರೆಗೆ ಹೋದರೆ ಈ ರೈಲು ಹತ್ತಿ. ಜೂನ್‌ನಿಂದ ಆಗಸ್ಟ್ ಒಳ್ಳೆಯ ಕಾಲ. ಲಿಲ್ಲೆಹಾಮರ್ ದಾಟಿದ ಮೇಲೆ ನದಿ ಜೊತೆಗೇ ಇರುತ್ತದೆ. ಹೂಂದರ್‌ಫೊಸ್ಸೆನ್ ಎಂಬಲ್ಲಿ ಅಣೆಕಟ್ಟು ಇದೆ, ಮ್ಯೋಸಾದಿಂದ ಮೊಟ್ಟೆ ಇಡಲು ಮೇಲಕ್ಕೆ ಬರುವ ದೊಡ್ಡ ಟ್ರೌಟ್ ಮೀನುಗಳಿಗೆಂದು ಅದಕ್ಕೆ ಏಣಿಯಂಥ ದಾರಿ ಮಾಡಿಕೊಟ್ಟಿದ್ದಾರೆ. ದೋಂಬೋಸ್‌ನಲ್ಲಿ ಇಳಿದು ರೌಮಾ ಮಾರ್ಗದ ರೈಲು ಹಿಡಿಯಿರಿ, 1924ರಿಂದ ಓಡುತ್ತಿದೆ. ಲೆಶಾದ ಚಪ್ಪಟೆ ಹಸಿರು ಬಯಲು ಕಾಣುತ್ತದೆ. ಅದು ಮೊದಲು ಸರೋವರವಾಗಿತ್ತು, ಹತ್ತೊಂಬತ್ತನೆಯ ಶತಮಾನದಲ್ಲಿ ರೈತರು ನೀರು ಬಸಿದು ಹೊಲ ಮಾಡಿಕೊಂಡರು. ಆಮೇಲೆ ಲೆಶಾಸ್ಕೂಗ್ ಕೆರೆ ಬರುತ್ತದೆ. ಕೆರೆಯ ಈ ತುದಿಯಲ್ಲಿ ನೀರು ನಿಮಗೆ ಎದುರಾಗಿ ಹರಿಯುತ್ತಿರುತ್ತದೆ, ಆ ತುದಿ ದಾಟಿದ ಮೇಲೆ ನಿಮ್ಮ ಜೊತೆಗೇ ಓಡತೊಡಗುತ್ತದೆ. ಬ್ಯೋರ್ಲಿ ನಿಲ್ದಾಣ ಬಿಟ್ಟ ಮೇಲೆ ರೈಲು ಕಡಿದಾಗಿ ಇಳಿಯುತ್ತದೆ. ಹಳಿ ಬೆಟ್ಟದ ಹೊಟ್ಟೆಯೊಳಗೆ ಸುರಂಗದಲ್ಲಿ ತಿರುಗಿ, ರೌಮಾದಿಂದ 59 ಮೀಟರ್ ಮೇಲಿರುವ ಕ್ಯುಲಿಂಗ್ ಸೇತುವೆ ದಾಟುತ್ತದೆ. ಅಲ್ಲಿಂದ ಮುಂದೆ ಸಾವಿರ ಮೀಟರ್ ನೆಟ್ಟಗೆ ನಿಂತ ಟ್ರೋಲ್‌ವೆಗ್ಗೆನ್ ಬಂಡೆಯ ಬುಡದಲ್ಲಿ ಹಾದು ಸಮುದ್ರದ ನೀರಿನ ಪಕ್ಕ ನಿಲ್ಲುತ್ತದೆ. ಕ್ಯಾಮೆರಾದ ಚಾರ್ಜು ಬ್ಯೋರ್ಲಿವರೆಗೆ ಉಳಿಸಿಕೊಂಡಿರಿ.